ಡಿಸ್ಪ್ಲೇ ಮನ್ಯಾಗ ಹಾಕೀವಿ, ಫಿಂಗರ್‌ಪ್ರಿಂಟ್ ತಗೊಳವಲ್ದು: ಏನೇನ್ ನೋಡ್ಬೇಕು?

ವಿದ್ಯಾನಗರ, ಹುಬ್ಬಳ್ಳಿಯಿಂದ ಕೇಳಿದ್ದು

ಆಂಡ್ರಾಯ್ಡ್ ಫೋನ್ ರೀ, ಅಮೊಲೆಡ್ (ಪಿಕ್ಸೆಲ್‌ಗಳು ತಾವ ಬೆಳಗೂ) ಡಿಸ್ಪ್ಲೇ, ಫಿಂಗರ್‌ಪ್ರಿಂಟ್ ಗಾಜಿನ ಕೆಳಗ. ಒಡೆದ ಡಿಸ್ಪ್ಲೇ ತಗದು ಆನ್‌ಲೈನ್ ತರಿಸಿದ ಕಾಂಬೊ (ಗಾಜು, ಟಚ್, ಪ್ಯಾನೆಲ್ ಕೂಡಿದ್ದು) ಹಾಕೀವಿ. ಟಚ್, ಬಣ್ಣ, ಕ್ಯಾಮೆರಾ ಎಲ್ಲಾ ಬರೋಬ್ಬರಿ. ಬೆರಳಿಟ್ರ ಹಸಿರು ಬೆಳಕು ಹತ್ತತೈತಿ, ಆದ್ರ ‘ಮತ್ತೊಮ್ಮೆ ಪ್ರಯತ್ನಿಸಿ’ ಅಂತೈತಿ. ಹೊಸದಾಗಿ ಬೆರಳು ಸೇರಿಸಾಕ ಹೋದ್ರ ಮೊದಲ್ನೇ ಒತ್ತಿಗೇ ನಿಲ್ತೈತಿ. ಫ್ಯಾಕ್ಟರಿ ರೀಸೆಟ್ ಹೊಡೀಲೇನ್? ಇಲ್ಲಾ ಸೆನ್ಸರ್ ಹೊಸದು ತರಿಸ್ಲೇನ್?

ಧಾರವಾಡ, ರಿಪೇರಿ ಕೆಲಸದವರು

ಎರಡೂ ಬ್ಯಾಡ್ರಿ, ತಡೀರಿ. ಸೆಟ್ಟಿಂಗ್ಸ್‌ನೊಳಗ ಫಿಂಗರ್‌ಪ್ರಿಂಟ್ ಅನ್ನೂ ಆಯ್ಕೆ ಇನ್ನೂ ಐತಿ ಅಂದ್ರ ಸೆನ್ಸರ್ ಬೋರ್ಡಿನ ಜೋಡಿ ಮಾತಾಡಾಕತ್ತೈತಿ ಅಂತ ಅರ್ಥ. ಆ ಆಯ್ಕೆನ ಮಾಯ ಆಗಿದ್ರ, ಇಲ್ಲಾ ‘ಹಾರ್ಡ್‌ವೇರ್ ಲಭ್ಯವಿಲ್ಲ’ ಅಂದ್ರ, ಆವಾಗ ಸೆನ್ಸರಿನ ಸ್ಟ್ರಿಪ್ (ಬೋರ್ಡಿಗೆ ಹೋಗೂ ಚಪ್ಪಟ ಕೇಬಲ್) ಹರದೈತಿ ಅಥವಾ ಕನೆಕ್ಟರ್ ಕೂತಿಲ್ಲ. ನಿಮ್ದು ಹಂಗಲ್ಲ. ನಿಮ್ಮ ಸೆನ್ಸರ್ ಜೀವಂತ ಐತಿ, ಅದಕ್ಕ ಕಣ್ಣು ಕಾಣವಲ್ದು ಅಷ್ಟ.

ಯಾಕಂದ್ರ ಈ ನಮೂನಿ ಸೆನ್ಸರ್ ಅಂದ್ರ ಒಂದು ಸಣ್ಣ ಕ್ಯಾಮೆರಾನ. ಡಿಸ್ಪ್ಲೇ ಬೆರಳಿಗೆ ಬೆಳಕು ಬಿಡ್ತೈತಿ, ಬೆರಳಿಗೆ ಬಡದ ಬೆಳಕು ಪಿಕ್ಸೆಲ್‌ಗಳ ಸಂದಿಯಿಂದ ಕೆಳಗಿಳದು ಸೆನ್ಸರ್ ಮುಟ್ತೈತಿ. ಈ ಹಾದ್ಯಾಗ ಎಲ್ಲೇ ಅಡ್ಡ ಬಂದ್ರೂ ಕೆಲಸ ಕೆಡ್ತೈತಿ. ರೀಸೆಟ್ ಹೊಡದ್ರ ಫೋಟೋ ಹೋಗ್ತಾವ, ಅಡ್ಡ ಇದ್ದದ್ದು ಅಲ್ಲೇ ಇರ್ತೈತಿ.

ಮೊದಲ ನಿಮ್ಮ ಕಾಂಬೊ ಖರೇ ಅಮೊಲೆಡ್ ಹೌದೋ ಅಲ್ಲೋ ನೋಡ್ರಿ. ಪೂರಾ ಕಪ್ಪು ಚಿತ್ರ ಒಂದನ್ನ ಸ್ಕ್ರೀನ್ ತುಂಬ ಹಾಕಿ, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಕತ್ತಲ ಕೋಣ್ಯಾಗ ನೋಡ್ರಿ. ಬೂದು ಬೂದು ಹೊಳದ್ರ ಅದು ಎಲ್‌ಸಿಡಿ, ಅಂದ್ರ ಟಿಎಫ್‌ಟಿ ಇಲ್ಲಾ ಇನ್‌ಸೆಲ್, ಹಿಂದ ಬ್ಯಾಕ್‌ಲೈಟ್ ಹಾಳಿ ಇರ್ತೈತಿ. ಆ ಹಾಳಿ ದಾಟಿ ಬೆಳಕು ಕೆಳಗ ಹೋಗೂದಿಲ್ಲ. ಹಂಗಿದ್ರ ಎಷ್ಟ ಬಿಚ್ಚಿ ಹಾಕಿದ್ರೂ ಫಿಂಗರ್‌ಪ್ರಿಂಟ್ ಬರೂದಿಲ್ಲ, ಕಾಂಬೊ ವಾಪಸ್ ಕಳಿಸ್ರಿ. ‘ಒರಿಜಿನಲ್ ಕ್ವಾಲಿಟಿ’ ಅಂತ ಬರದಿದ್ದು ನಂಬಬ್ಯಾಡ್ರಿ, ಒರಿಜಿನಲ್ ಬ್ಯಾರೆ, ಒರಿಜಿನಲ್ ಕ್ವಾಲಿಟಿ ಬ್ಯಾರೆ.

ಕೇಳಿದವರು

ಕತ್ತಲ್ಯಾಗ ನೋಡಿದ್ನಿ. ಫೋನ್ ಬಂದಾಗೈತೇನೋ ಅನ್ನೂವಷ್ಟು ಕಪ್ಪು.

ಗದಗ

ಹಾಗಾದರೆ ಪ್ಯಾನೆಲ್ ಸರಿ ಇದೆ. ಇನ್ನು ಬಿಚ್ಚಲೇಬೇಕು. ಆದರೆ ಅದಕ್ಕೂ ಮುಂಚೆ ಬಿಚ್ಚದೇ ನೋಡುವಂಥವು ಎರಡಿವೆ. ಟೆಂಪರ್ಡ್ ಗ್ಲಾಸ್ ಹಾಕಿದ್ದರೆ ತೆಗೆಯಿರಿ. ರಾತ್ರಿ ಕಣ್ಣಿಗೆ ತಂಪಾಗಲೆಂದು ಸ್ಕ್ರೀನ್ ಮಬ್ಬು ಮಾಡುವ ಆ್ಯಪ್ ಏನಾದರೂ ಇದ್ದರೆ ಅದನ್ನೂ ತೆಗೆಯಿರಿ. ಬೆರಳಿಗೆ ಬೀಳುವ ಬೆಳಕನ್ನೇ ಅದು ಕುಗ್ಗಿಸುತ್ತದೆ. ಹಳೆಯ ಬೆರಳುಗಳನ್ನೆಲ್ಲ ಅಳಿಸಿ, ಫೋನ್ ರೀಸ್ಟಾರ್ಟ್ ಮಾಡಿ, ಮತ್ತೆ ಸೇರಿಸಿ ನೋಡಿ. ರೀಸ್ಟಾರ್ಟ್ ಆದ ಮೇಲೆ ಮೊದಲ ಸಲ ಪಿನ್ ಕೇಳುವುದು ಆಂಡ್ರಾಯ್ಡಿನ ನಿಯಮ. ಸತತ 5 ಸಲ ತಪ್ಪಿದರೆ 30 ಸೆಕೆಂಡು ಕಾಯಿಸುವುದೂ ಹಾಗೆಯೇ. ಇವೆರಡನ್ನೂ ದೋಷವೆಂದು ಲೆಕ್ಕ ಹಿಡಿಯಬೇಡಿ.

ಆಗಲೂ ಬಾರದಿದ್ದರೆ ಬಿಚ್ಚಿ. ಬ್ಯಾಟರಿ ಚಾರ್ಜ್ 25 ಪರ್ಸೆಂಟಿಗಿಂತ ಕೆಳಗಿರಲಿ, ಪಿಕ್ (ಬಿಚ್ಚಲು ಬಳಸುವ ತೆಳು ಪ್ಲಾಸ್ಟಿಕ್ ತುಂಡು) ತಾಗಿದರೂ ಅಪಾಯ ಕಡಿಮೆ. ಫೋನ್ ಆಫ್ ಮಾಡಿ ಅಂಚಿಗೆ ಹೇರ್ ಡ್ರೈಯರ್‌ನಿಂದ ಎರಡು ಮೂರು ನಿಮಿಷ ಶಾಖ ಕೊಡಿ. ಗಾಜು ಮುಟ್ಟಲು ಬಿಸಿ ಎನಿಸಬೇಕು, ಆದರೆ 80 ಡಿಗ್ರಿ ದಾಟಬಾರದು; ಅಮೊಲೆಡ್‌ಗೆ ಅತಿ ಬಿಸಿ ಆಗದು. ಪಿಕ್ ಅನ್ನು 2–3 ಮಿಲಿಮೀಟರ್‌ಗಿಂತ ಒಳಗೆ ತೂರಿಸಬೇಡಿ. ಡಿಸ್ಪ್ಲೇ ಸ್ಟ್ರಿಪ್ ಇರುವ ಬದಿಯನ್ನು ಕೊನೆಗೆ ಬಿಡಿಸಿ. ಹಿಂಬದಿ ಕವರ್ ತೆಗೆದು ಮೊದಲು ಬ್ಯಾಟರಿ ಕನೆಕ್ಟರ್, ಆಮೇಲೆ ಡಿಸ್ಪ್ಲೇ ಕನೆಕ್ಟರ್ ಬಿಡಿಸಿ.

ಧಾರವಾಡ, ರಿಪೇರಿ ಕೆಲಸದವರು

ಬಿಚ್ಚಿದ ಮ್ಯಾಲ ಕಾಂಬೊ ಹಿಂದ ತಿರುವಿ ನೋಡ್ರಿ. ಹಿಂದ ಪೂರಾ ಕಪ್ಪು ಫೋಮ್, ತಾಮ್ರದ ಹಾಳಿ ಅಂಟಿಸಿರ್ತಾರ. ಸೆನ್ಸರ್ ಇರೂ ಜಾಗಾದಾಗ ಮಾತ್ರ ಒಂದು ಕಿಟಕಿ ಕೊರದಿರ್ತಾರ. ಹತ್ತರಾಗ ಆರು-ಏಳು ತಪ್ಪು ಈ ಕಿಟಕ್ಯಾಗ ಸಿಗ್ತಾವ ಅಂದ್ರೂ ನಡೀತೈತಿ:

– ಕಿಟಕಿ ಮ್ಯಾಲಿನ ರಕ್ಷಣಾ ಹಾಳಿ ತಗದಿರೂದಿಲ್ಲ. ತೆಳ್ಳಗ, ಪಾರದರ್ಶಕ ಇರ್ತೈತಿ, ಕಣ್ಣಿಗೆ ಬೀಳೂದಿಲ್ಲ. ಉಗುರಿನಿಂದ ಮೂಲ್ಯಾಗ ಕೆರದು ನೋಡ್ರಿ.
– ಕೆಲವು ಕಾಂಬೊದಾಗ ಕಿಟಕಿನ ಕೊರದಿರೂದಿಲ್ಲ. ಹಳೇ ಡಿಸ್ಪ್ಲೇ ಬಾಜೂಕ ಇಟ್ಟು ಅಳತಿ ತಗೊಂಡು ಫೋಮ್ ಅಷ್ಟ ಹುಷಾರಿಲೆ ಎತ್ತಬೇಕು. ಬ್ಲೇಡ್ ಒತ್ತಿದ್ರ ಪ್ಯಾನೆಲ್ ಸತ್ತಂಗ. ಕೈ ನಡುಗ್ತಿದ್ರ ಇದನ್ನ ಅಂಗಡಿಗೆ ಬಿಡ್ರಿ.
– ಗಮ್ ಹರದು ಸೆನ್ಸರ್ ಮ್ಯಾಲ ಬಂದಿರ್ತೈತಿ.
– ಸೆನ್ಸರ್ ಲೆನ್ಸ್ ಮ್ಯಾಲ ನಿಮ್ಮದ ಬೆರಳಿನ ಜಿಡ್ಡು. ಬೆರಳು ಓದೂ ಯಂತ್ರಕ್ಕ ಬೆರಳ ಅಡ್ಡ!

ಒರಸಾಕ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್, ಕನ್ನಡಕ ಒರಸೂ ಬಟ್ಟಿ. ಬಟ್ಟಿಗೆ ಎರಡು ಹನಿ ಹಾಕ್ರಿ, ಸೆನ್ಸರ್ ಮ್ಯಾಲ ನೇರ ಸುರೀಬ್ಯಾಡ್ರಿ. ಹತ್ತಿ ಕಡ್ಡಿ ಬ್ಯಾಡ, ಎಳಿ ಬಿಟ್ಟು ಹೋಗ್ತೈತಿ. ನಮ್ಮ ಕಡೆ ಎರಿಮಣ್ಣಿನ ಧೂಳು ಮನಿ ಕಿಟಕಿ ಮುಚ್ಚಿದ್ರೂ ಒಳಗ ಬರ್ತೈತಿ, ಫ್ಯಾನ್ ಆಫ್ ಮಾಡಿ ಕುಂಡ್ರಿ.

ಸೆನ್ಸರ್ ಫ್ರೇಮಿನ ಗುಣಿಯೊಳಗ ಸಪಾಟ ಕೂತೈತೋ ನೋಡ್ರಿ. ಒಂದು ಮೂಲಿ ಎದ್ದಿದ್ರೂ ಚಿತ್ರ ಮಬ್ಬು ಬರ್ತೈತಿ.

ಗಮ್ ಹಚ್ಚೂಕಿಂತ ಮೊದಲ ಒಣಾ ಕೂಡಿಸಿ ನೋಡ್ರಿ: ಕನೆಕ್ಟರ್ ಹಾಕಿ, ಅಂಚಿಗೆ ನಾಕು ರಬ್ಬರ್ ಬ್ಯಾಂಡ್ ಬಿಗದು, ಬೆರಳು ಸೇರಿಸಿ ನೋಡ್ರಿ. ಹಿಂಗ ಓದಿದ್ರನ ಗಮ್. ಇಲ್ಲಾ ಅಂದ್ರ ಮೂರು ಸಲ ಅಂಟಿಸಿ ಮೂರು ಸಲ ಬಿಚ್ಚೂದಾಗತೈತಿ.

ಹಾವೇರಿ

ಗಮ್ ಬಗ್ಗೆ ಒಂದು ಮಾತು. ಬಿ-7000 ಹಚ್ಚೋರು ಟ್ಯೂಬ್ ಹಿಂಡಿ ಹಿಂಡಿ ಹಾಕ್ತಾರ, ಅದ ತಪ್ಪು. ಫ್ರೇಮಿನ ಅಂಚಿಗೆ 1 ಮಿಲಿಮೀಟರ್ ದಪ್ಪದ ಒಂದ ಎಳಿ ಸಾಕು. ಸೆನ್ಸರ್ ಸುತ್ತ ಹಚ್ಚಬ್ಯಾಡ್ರಿ. ಹಚ್ಚಿ 3–4 ನಿಮಿಷ ಬಿಟ್ಟು, ಸ್ವಲ್ಪ ಅಂಟಂಟ ಆದ ಮ್ಯಾಲ ಕೂಡಿಸಿದ್ರ ಒಳಗ ಹರಿಯೂದಿಲ್ಲ. ಕ್ಲಿಪ್ ಹಾಕಿ 24 ತಾಸು ಮುಟ್ಟಬ್ಯಾಡ್ರಿ. ಪೂರ್ತಿ ಗಟ್ಟಿ ಆಗಾಕ 48 ತಾಸು.

ನಂದೊಂದು ಪ್ರಶ್ನೆ: ಹಳೇ ಐಫೋನ್ 7ಕ್ಕೂ ಇದ ರೀತಿ ಏನ್ರಿ?

ಗದಗ

ಅಲ್ಲ, ಅದರ ಲೆಕ್ಕವೇ ಬೇರೆ. ಐಫೋನ್ 5ಎಸ್‌ನಿಂದ 8ರವರೆಗೆ ಟಚ್ ಐಡಿ ಇರುವುದು ಹೋಂ ಬಟನ್ನಿನಲ್ಲಿ, ಆ ಬಟನ್ ಅದೇ ಫೋನಿನ ಬೋರ್ಡಿಗೆ ಜೋಡಿಯಾಗಿರುತ್ತದೆ. ಹಳೆಯ ಡಿಸ್ಪ್ಲೇಯಿಂದ ಅದೇ ಬಟನ್ ಬಿಡಿಸಿ ಹೊಸದಕ್ಕೆ ಹಾಕಬೇಕು. ಸುತ್ತಲಿನ ರಬ್ಬರ್ ಅಂಟನ್ನು ಬೆಚ್ಚಗೆ ಮಾಡಿ ನಿಧಾನಕ್ಕೆ ಎತ್ತಿ. ಅದರ ಸ್ಟ್ರಿಪ್ ಹರಿದರೆ ಅಂಗಡಿಯಲ್ಲಿ ಸಿಗುವ ಬೇರೆ ಬಟನ್‌ನಿಂದ ಟಚ್ ಐಡಿ ಬರುವುದಿಲ್ಲ. 7 ಮತ್ತು 8ರಲ್ಲಂತೂ ಎಷ್ಟೋ ಸಲ ಬಟನ್ ಒತ್ತುವ ಕೆಲಸವನ್ನೂ ಮಾಡುವುದಿಲ್ಲ.

ಪವರ್ ಬಟನ್ನಿನಲ್ಲಿ ಅಥವಾ ಹಿಂಬದಿಯಲ್ಲಿ ಸೆನ್ಸರ್ ಇರುವ ಫೋನುಗಳಲ್ಲಿ ಡಿಸ್ಪ್ಲೇಗೂ ಅದಕ್ಕೂ ಸಂಬಂಧವಿಲ್ಲ. ಬಿಚ್ಚುವಾಗ ಸ್ಟ್ರಿಪ್ ಎಳೆದಿರುತ್ತೀರಿ, ಅಷ್ಟೇ. ಗ್ಯಾಲಕ್ಸಿ ಎಸ್10ರಂಥವುಗಳದ್ದು ಶಬ್ದತರಂಗದ ಸೆನ್ಸರ್. ಅದನ್ನು ಪ್ಯಾನೆಲ್ಲಿನ ಹಿಂದೆಯೇ ಅಂಟಿಸಿರುತ್ತಾರೆ, ನಡುವೆ ಒಂದು ಗಾಳಿಗುಳ್ಳೆ ಉಳಿದರೂ ಓದುವುದಿಲ್ಲ. ಅದನ್ನು ಮನೆಯಲ್ಲಿ ಬಿಡಿಸಿ ಅಂಟಿಸುವ ಸಾಹಸ ಬೇಡ, ಸೆನ್ಸರ್ ಸಮೇತ ಬರುವ ಸರ್ವಿಸ್ ಪ್ಯಾಕ್ (ಕಂಪನಿಯದೇ ಡಿಸ್ಪ್ಲೇ ಜೋಡಣೆ) ತೆಗೆದುಕೊಳ್ಳಿ.

ಕೇಳಿದವರು

ಬಿಚ್ಚಿದ್ನಿ. ಕಿಟಕಿ ಮ್ಯಾಲ ಖರೇನ ಒಂದು ತೆಳು ಹಾಳಿ ಇತ್ತು, ತಗದ್ನಿ. ಒಣಾ ಕೂಡಿಸಿದಾಗ ಬೆರಳು ಸೇರ್ತು. ಆದ್ರ ಹತ್ತು ಸಲ ಇಟ್ರ ಆರು ಸಲ ತೆರೀತೈತಿ.

ಧಾರವಾಡ, ರಿಪೇರಿ ಕೆಲಸದವರು

ಅದು ಕ್ಯಾಲಿಬ್ರೇಶನ್. ಹಳೇ ಪ್ಯಾನೆಲ್ಲಿನ ಬೆಳಕಿಗೆ, ದಪ್ಪಕ್ಕ ಹೊಂದಿಸಿದ ಲೆಕ್ಕ ಇನ್ನೂ ಫೋನಿನೊಳಗ ಐತಿ. ಆ ಲೆಕ್ಕ ರೀಸೆಟ್ ಮಾಡಿದ್ರ ಅಳಿಯೂದಿಲ್ಲ, ಅದಕ್ಕ ರೀಸೆಟ್ ಬ್ಯಾಡ ಅಂದದ್ದು. ಹೊಸ ಲೆಕ್ಕ ಹೊಂದಿಸಾಕ, ಫೋನ್ ಪಿಕ್ಸೆಲ್ 6, 7 ಆದ್ರ ಗೂಗಲ್ಲಿನದ ರಿಪೇರಿ ಟೂಲ್ ಐತಿ: ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಹಚ್ಚಿ, ಕ್ರೋಮ್ ಬ್ರೌಸರ್‌ನ್ಯಾಗ ಮಾಡೂದು. ಶಾವೊಮಿ, ರೆಡ್‌ಮಿ ಆದ್ರ ಡಯಲ್ ಮಾಡೂ ಕಡೆ *#*#6484#*#* ಒತ್ತಿದ್ರ ಟೆಸ್ಟ್ ಮೆನು ತೆರೀತೈತಿ. ಸ್ಯಾಮ್ಸಂಗ್‌ನ್ಯಾಗ *#0*#, ಅದು ಪರೀಕ್ಷೆಗೆ ಅಷ್ಟ. ಕ್ಯಾಲಿಬ್ರೇಶನ್ ಕೇಳಿದಾಗ ಕಪ್ಪು ರಬ್ಬರ್, ಚರ್ಮದ ಬಣ್ಣದ ರಬ್ಬರ್ ತುಂಡು ಇಡು ಅಂತ ಕೇಳಬಹುದು. ಅವು ಇರಲಾರದ ಅಂದಾಜಿಲೆ ಬೆರಳಿಟ್ಟು ಮುಂದ ಹೋದ್ರ ಈಗಿದ್ದ ಆರೂ ಹೋಗ್ತಾವ. ಅಂಥಾ ರಬ್ಬರ್ ಇಟ್ಟ ಅಂಗಡಿ ಹುಬ್ಬಳ್ಳಿ ಕೊಪ್ಪೀಕರ್ ರಸ್ತೆ ಕಡೆ ವಿಚಾರಿಸ್ರಿ.

ಅಲ್ಲೀತನ ಒಂದ ಬೆರಳನ್ನ ಎರಡು ಸಲ ಸೇರಿಸ್ರಿ, ಒಮ್ಮೆ ನೆಟ್ಟಗ, ಒಮ್ಮೆ ಓರೆ. ಓದೂದು ಸುಧಾರಿಸ್ತೈತಿ.

ಹಾವೇರಿ

ಬ್ಯಾಡಗಿ ಕಡೆ ಮೆಣಸಿನಕಾಯಿ ತುಂಬು ಬಿಡಸೋರ ಬೆರಳು ಒಣಗಿ ಸವದಿರ್ತಾವ, ಅಂಥವರಿಗೆ ಹೆಬ್ಬೆರಳಿಗಿಂತ ನಡುಬೆರಳು ಚಲೋ ಓದ್ತೈತಿ. ಸೇರಿಸೂ ಮುಂದ ಒಂದೀಟು ಕೊಬ್ಬರಿ ಎಣ್ಣಿ ಸವರಿ ಪೂರಾ ಒರಸ್ರಿ. ಟೆಂಪರ್ಡ್ ಗ್ಲಾಸ್ ಹಾಕೂದಿದ್ರ ಗಮ್ ಒಣಗಿದ ಮ್ಯಾಲ ಹಾಕ್ರಿ. ಅಂಚಿಗೆ ಮಾತ್ರ ಅಂಟೂ ನಮೂನಿ ಬ್ಯಾಡ, ನಡುವ ಗಾಳಿ ಉಳೀತೈತಿ. ಪೂರಾ ಅಂಟೂ ತೆಳುವಂದು ತಗೊಂಡು, ಹಾಕಿದ ಮ್ಯಾಲ ಬೆರಳು ಮತ್ತ ಹೊಸದಾಗಿ ಸೇರಿಸ್ರಿ.