ಬ್ಲೇಡಾ, ಕಾಟರಿಯಾ? ಕುತ್ತಿಗೆಯ ಕಲೆ ಯಾವುದರಲ್ಲಿ ಕಡಿಮೆ?

ಕುಮಟಾದವಳು:
ತಂಗಿಗೆ ಮುಂದಿನ ತಿಂಗಳು ಥೈರಾಯ್ಡ್ ಆಪರೇಷನ್. ವೈಶಾಖದಲ್ಲಿ ಮದುವೆ ಬೇರೆ ಇದೆ, ಹಾಗಾಗಿ ಆಯಿಗೆ ಗಡ್ಡೆಗಿಂತ ಕುತ್ತಿಗೆ ಮೇಲಿನ ಕಲೆಯದ್ದೇ ಚಿಂತೆ. ಪಕ್ಕದ ಮನೆಯವರು ಬಂದು, ಈಗೆಲ್ಲ ಕಾಟರಿ ಅಂತ ಕರೆಂಟಿನಲ್ಲಿ ಸುಟ್ಟು ಕೊಯ್ಯುತ್ತಾರೆ, ಕಪ್ಪಗೆ ಉಳಿಯುತ್ತದೆ ಅಂತ ಹೆದರಿಸಿ ಹೋಗಿದ್ದಾರೆ. ಬ್ಲೇಡಿನಲ್ಲೇ ಮಾಡಿ ಅಂತ ಡಾಕ್ಟರ್ ಹತ್ತಿರ ಹಠ ಹಿಡಿಯಬೇಕಾ? ಲೇಸರ್ ಇನ್ನೂ ಒಳ್ಳೆಯದಾ?

ಕಾರವಾರದ ಓಟಿ ಸಿಸ್ಟರ್:
ಹಠ ಬೇಡ ಮಾರಾಯ್ತಿ. ಎಷ್ಟೋ ಕಡೆ ಎರಡೂ ಬಳಸುತ್ತಾರೆ. ಮೇಲಿನ ಚರ್ಮಕ್ಕೆ ಬ್ಲೇಡ್, ಒಳಗೆ ರಕ್ತ ನಿಲ್ಲಿಸುತ್ತಾ ಹೋಗಲಿಕ್ಕೆ ಕಾಟರಿ. ಕಾಟರಿ ಹೊಸದೇನಲ್ಲ, ಬೋವಿ ಅನ್ನುವ ವಿಜ್ಞಾನಿ ಮಾಡಿದ ಮಶಿನ್ ಹಿಡಿದು ಬಾಸ್ಟನ್ನಿನಲ್ಲಿ ಕುಶಿಂಗ್ ಅನ್ನುವ ಸರ್ಜನ್ ಆಪರೇಷನ್ ಮಾಡಿದ್ದು 1926ರಲ್ಲಿ. ಅದರಲ್ಲಿ ಕೊಯ್ಯಲಿಕ್ಕೆ ಕಟ್, ರಕ್ತ ಹೆಪ್ಪುಗಟ್ಟಿಸಲಿಕ್ಕೆ ಕೋಆಗ್ ಅಂತ ಎರಡು ಮೋಡ್ ಇವೆ. ಕೋಆಗ್‌ನಲ್ಲಿ ಅಕ್ಕಪಕ್ಕ ಸುಡುವುದು ಜಾಸ್ತಿ. ಸಪೂರ ತುದಿ ಹಾಕಿ ಕಟ್ ಮೋಡಿನಲ್ಲಿ ಚರ್ಮ ಕೊಯ್ದರೆ ಕಲೆ ಬ್ಲೇಡಿನಷ್ಟೇ, ಎರಡನ್ನೂ ಹೋಲಿಸಿ ನೋಡಿದವರಿಗೆ ದೊಡ್ಡ ವ್ಯತ್ಯಾಸ ಸಿಕ್ಕಿಲ್ಲ. ಲೇಸರ್ ಕೊಯ್ಯುವುದೂ ಬಿಸಿಯಿಂದಲೇ, ಸುಮ್ನೆ ಹೆಸರು ದೊಡ್ಡದು.

ನೀವು ಕೇಳಬೇಕಾದ್ದು ಗೆರೆ ಎಲ್ಲಿ ಹಾಕುತ್ತಾರೆ ಅಂತ. ಕುತ್ತಿಗೆಯಲ್ಲಿ ಮೊದಲೇ ಇರುವ ಮಡಿಕೆ ಮೇಲೆಯೇ ಕೊಯ್ದರೆ ಚರ್ಮದ ಎಳೆತ ಕಡಿಮೆ, ಕಲೆ ಮಡಿಕೆಯೊಳಗೆ ಸೇರಿಹೋಗುತ್ತದೆ. ಪೇಶಂಟನ್ನು ಕೂರಿಸಿಯೇ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುವ ಸರ್ಜನ್‌ಗಳಿದ್ದಾರೆ, ಮಲಗಿಸಿದರೆ ಮಡಿಕೆ ಸರಿಯುತ್ತದಲ್ಲ. ಗಾಯ ಪೂರ್ತಿ ಮಾಗಿದ ಮೇಲೆ ಸಿಲಿಕಾನ್ ಜೆಲ್, ಬಿಸಿಲಿಗೆ ಸೆರಗು. ಆದರೆ ಕಲೆ ಮಾಸಲಿಕ್ಕೆ ವರ್ಷವೇ ಬೇಕು, ಮದುವೆ ಹೊತ್ತಿಗೆ ಕೆಂಪು ಇರಬಹುದು. ಅಗಲದ ನೆಕ್ಲೇಸ್ ಆರಿಸಿ, ಮತ್ತೇನು!

ಶಿರಸಿ ಅಡಿಕೆ ತೋಟ:
ನಾನು ಡಾಕ್ಟರಲ್ಲ, ನನ್ನ ಮೈಯದ್ದು ಹೇಳುತ್ತೇನೆ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿ ಹೆಬ್ಬೆರಳು ಸೀಳಿತ್ತು, ಹೊಲಿಗೆಯನ್ನೂ ಹಾಕಿಸಲಿಲ್ಲ, ಈಗ ಕೂದಲೆಳೆಯಷ್ಟು ಗೆರೆ. ಅದೇ ಎದೆ ಮೇಲೆ ಒಂದು ಮೊಡವೆ ಆಗಿದ್ದು ಹುಣಸೆಬೀಜದಷ್ಟು ಉಬ್ಬಿ ಕೂತಿದೆ! ಕೀಲಾಯ್ಡ್ ಅಂತೆ, ಗಾಯಕ್ಕಿಂತ ದೊಡ್ಡದಾಗಿ ಉಬ್ಬಿ ಬೆಳೆಯುವ ಕಲೆ. ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಂಡ ಮೇಲೆ ಸ್ವಲ್ಪ ತಗ್ಗಿದೆ. ಕತ್ತಿ ಯಾವುದಾದರೇನು, ಚರ್ಮದ ಗುಣ ನೋಡಿ. ತಂಗಿಗೆ ಕಿವಿ ಚುಚ್ಚಿದಲ್ಲಿ ಗಂಟಾಗಿದೆಯಾ?

ಕುಮಟಾದವಳು:
ಈಗಷ್ಟೇ ಅವಳ ಕಿವಿ ಹಿಡಿದು ನೋಡಿದೆ. ಮೇಲಿನ ತೂತಿನ ಹಿಂದೆ ಅವರೆಕಾಳಿನಷ್ಟು ಗಂಟು ಇದೆ. ಚಿನ್ನದ್ದಲ್ಲದ ಓಲೆ ಹಾಕಿದ್ದಕ್ಕೆ ಹಾಗಾಯಿತು ಅಂತ ಆಯಿ ಬೈದಿದ್ದೇ ಬೈದಿದ್ದು. ಸೋಮವಾರ ಡಾಕ್ಟರಿಗೆ ಮೊದಲು ಕಿವಿಯನ್ನೇ ತೋರಿಸುತ್ತೇವೆ.