ವಾರ್ಡಿನ ಪ್ರಶ್ನೋತ್ತರ: ಇನ್ಸುಲಿನ್ ನಂತರದ ಬೆವರು, ಆ್ಯಂಟಿಬಯಾಟಿಕ್ ನಂತರದ ತುರಿಕೆ

ಪ್ರಶ್ನೆ – ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಎರಡನೆಯ ವರ್ಷದ ವಿದ್ಯಾರ್ಥಿನಿ, ರಾಯಚೂರು:
ಮೇಡಂ, ನಮಸ್ಕಾರ. ಕಳೆದ ವಾರ ನಮ್ಮ ವಾರ್ಡಿನಲ್ಲಿ ಬೆಳಿಗ್ಗೆ ಏಳೂವರೆಗೆ ಇನ್ಸುಲಿನ್ ಪಡೆದ ಅಜ್ಜರೊಬ್ಬರು, ಆಸ್ಪತ್ರೆಯ ಬ್ರೆಡ್ಡು ಬೇಡವೆಂದು ಊರಿನಿಂದ ಬಸ್ಸಿನಲ್ಲಿ ಬರಬೇಕಿದ್ದ ರೊಟ್ಟಿ ಬುತ್ತಿಗೆ ಕಾಯುತ್ತ ಕುಳಿತಿದ್ದರು. ಹತ್ತರ ಹೊತ್ತಿಗೆ ಮೈಯೆಲ್ಲ ಬೆವೆತು, ಕೇಳಿದ್ದೊಂದಕ್ಕೆ ಹೇಳುವುದೊಂದಾಯಿತು. ಬಿಸಿಲಿನ ಝಳ ಎಂದು ಅವರ ಮಗ ಹೇಳಿದ್ದನ್ನು ನಾನೂ ನಂಬಿದೆ. ಸಿಸ್ಟರ್ ಬಂದು ಗ್ಲುಕೋಮೀಟರಿನಲ್ಲಿ ನೋಡಿದಾಗ ಸಕ್ಕರೆ 48 ಇತ್ತು. ಅಡ್ಡಪರಿಣಾಮಗಳ ಪಟ್ಟಿ ನನಗೆ ಬಾಯಿಪಾಠವಿದೆ. ಆದರೂ ಕಣ್ಣೆದುರು ನಡೆದದ್ದು ಗೊತ್ತಾಗಲಿಲ್ಲ. ಎಲ್ಲಿ ಎಡವಿದೆ?

ಉತ್ತರ – ಹಿರಿಯ ಶುಶ್ರೂಷಾಧಿಕಾರಿ, ಬಳ್ಳಾರಿ:
ನಿಮ್ಮ ಪಟ್ಟಿಯಲ್ಲಿ ಔಷಧಿಯ ಹೆಸರಿದೆ, ಅಡ್ಡಪರಿಣಾಮವಿದೆ, ಗಡಿಯಾರವಿಲ್ಲ. ಚರ್ಮದಡಿ ಕೊಟ್ಟ ರೆಗ್ಯುಲರ್ ಇನ್ಸುಲಿನ್ ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಆರಂಭಿಸಿ, ಎರಡರಿಂದ ನಾಲ್ಕು ಗಂಟೆಗಳ ನಡುವೆ ಅತಿ ಪ್ರಬಲವಾಗಿರುತ್ತದೆ. ಏಳೂವರೆಗೆ ಸೂಜಿ ಹಾಕಿದವರಿಗೆ ಹತ್ತು ಗಂಟೆಗೆ ಬೆವರು ಬಂದರೆ, ಹೊರಗೆ 42 ಡಿಗ್ರಿ ಬಿಸಿಲಿದ್ದರೂ ಮೊದಲು ನೋಡಬೇಕಾದದ್ದು ರಕ್ತದ ಸಕ್ಕರೆಯನ್ನೇ. ಆದ್ದರಿಂದ ಊಟಕ್ಕೆ ಮುಂಚಿನ ಇನ್ಸುಲಿನ್ನನ್ನು ಸಿರಿಂಜಿಗೆ ಎಳೆಯುವ ಮೊದಲು ಆಗಿನ ಸಕ್ಕರೆಯ ಮಟ್ಟ ನೋಡಿ, ತಾಟು ಎಲ್ಲಿದೆ ಎಂದೂ ಕೇಳಿ. ಬುತ್ತಿ ಇನ್ನೂ ಬಸ್ಸಿನಲ್ಲಿದೆ ಎಂದಾದರೆ ಸೂಜಿಯೂ ಕಾಯಬೇಕು, ವೈದ್ಯರಿಗೂ ತಿಳಿಸಬೇಕು.

ಸಕ್ಕರೆ 70ಕ್ಕಿಂತ ಕಡಿಮೆಯಿದ್ದು ರೋಗಿ ಎಚ್ಚರವಾಗಿದ್ದು ನುಂಗಬಲ್ಲವರಾದರೆ ಸುಮಾರು 15 ಗ್ರಾಂ ಗ್ಲುಕೋಸನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಬೇಕು. ಮಂಪರಿನಲ್ಲಿರುವವರ ಬಾಯಿಗೆ ಏನನ್ನೂ ಹಾಕಬಾರದು; ಅದು ಶ್ವಾಸನಾಳಕ್ಕೆ ಹೋದೀತು. ಅಂಥವರಿಗೆ ವೈದ್ಯರ ಆದೇಶದಂತೆ ರಕ್ತನಾಳದ ಮೂಲಕವೇ ಡೆಕ್ಸ್‌ಟ್ರೋಸ್ (ಗ್ಲುಕೋಸ್ ದ್ರಾವಣ) ಕೊಡಬೇಕಾಗುತ್ತದೆ. ಬಿಪಿಗಾಗಿ ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ (ಎದೆಬಡಿತ ತಗ್ಗಿಸುವ ಔಷಧಿ) ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗಿನ ನಡುಕವೂ ಎದೆಬಡಿತವೂ ಮರೆಯಾಗಿ, ಬೆವರೊಂದೇ ಸುಳಿವಾಗಿ ಉಳಿಯಬಹುದು.

ಇನ್ಸುಲಿನ್ ಮಾತು ಬಂದದ್ದರಿಂದ ಸಿರಿಂಜಿನ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಾನು ಕಂಡ ತಪ್ಪುಗಳಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಇದೇ. ನಮ್ಮಲ್ಲಿ ಮಿಲಿಗೆ 40 ಯೂನಿಟ್ಟಿನ ಬಾಟಲಿಯೂ 100 ಯೂನಿಟ್ಟಿನದೂ ಬಳಕೆಯಲ್ಲಿವೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. ನೂರರ ಇನ್ಸುಲಿನ್ನನ್ನು ನಲವತ್ತರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿ ಬರುತ್ತದೆ, ಅಂದರೆ 50 ಯೂನಿಟ್. ಇದರ ತಿರುವುಮುರುವಾದರೆ 20ರ ಬದಲು ಎಂಟೇ ಯೂನಿಟ್ ಹೋಗುತ್ತದೆ. ಮುಚ್ಚಳದ ಬಣ್ಣವನ್ನಷ್ಟೇ ನಂಬದೆ, ಬಾಟಲಿಯ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಪಕ್ಕಪಕ್ಕ ಹಿಡಿದು ಇನ್ನೊಬ್ಬರಿಂದ ಓದಿಸಿ.

ಪ್ರಶ್ನೆ – ಬಿಎಸ್‌ಸಿ ನರ್ಸಿಂಗ್ ವಿದ್ಯಾರ್ಥಿ, ಕೊಪ್ಪಳ:
ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್‌ನ ಹಾಳೆಯಲ್ಲಿ ‘ಎಟಿಡಿ’ (ಆಫ್ಟರ್ ಟೆಸ್ಟ್ ಡೋಸ್, ಅಂದರೆ ಮೊದಲು ಅತ್ಯಲ್ಪ ಪ್ರಮಾಣ ಕೊಟ್ಟು ನೋಡಿದ ಮೇಲೆ) ಎಂದು ಬರೆದಿತ್ತು. ಟೆಸ್ಟ್ ಡೋಸಿಗೆ ಏನೂ ಆಗಲಿಲ್ಲ. ಪೂರ್ತಿ ಡೋಸ್ ಕೊಟ್ಟ ಐದು ನಿಮಿಷಕ್ಕೆ ತುರಿಕೆ, ದದ್ದು, ಉಸಿರಾಟದಲ್ಲಿ ಶಬ್ದ ಕಾಣಿಸಿಕೊಂಡವು. ಟೆಸ್ಟ್ ಸರಿಯಿದ್ದರೂ ಹೀಗಾಗುತ್ತದೆಯೇ ಮೇಡಂ?

ಉತ್ತರ:
ಆಗುತ್ತದೆ. ಟೆಸ್ಟ್ ಡೋಸಿಗೆ ಪ್ರತಿಕ್ರಿಯೆ ಬರಲಿಲ್ಲವೆಂದರೆ ಮುಂದೆಯೂ ಬಾರದೆಂಬ ಖಾತರಿಯಿಲ್ಲ. ಅದಕ್ಕಿಂತ, ಹಿಂದೆ ಯಾವುದಾದರೂ ಸೂಜಿಗೆ ಮುಖ ಊದಿತ್ತೇ, ದದ್ದು ಎದ್ದಿತ್ತೇ ಎಂದು ರೋಗಿಯ ಮನೆಯವರನ್ನು ಕೇಳುವುದು ಹೆಚ್ಚು ಉಪಯುಕ್ತ. ಚರ್ಮದ ಲಕ್ಷಣದ ಜೊತೆಗೆ ಉಸಿರಾಟದ ತೊಂದರೆಯೋ ಬಿಪಿ ಕುಸಿತವೋ ಸೇರಿದರೆ ಅದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ. ಔಷಧಿಯನ್ನು ತಕ್ಷಣ ನಿಲ್ಲಿಸಿ, ವೈದ್ಯರನ್ನು ಕೂಗಿ ಕರೆಯಿರಿ. ವಯಸ್ಕರಿಗೆ 1:1000 ಅಡ್ರಿನಲಿನ್ ಅರ್ಧ ಮಿಲಿಯನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡಬೇಕು. ಸುಧಾರಿಸದಿದ್ದರೆ ಐದು ನಿಮಿಷಕ್ಕೆ ಮತ್ತೊಮ್ಮೆ. ಅವಿಲ್ (ಅಲರ್ಜಿ ತಗ್ಗಿಸುವ ಔಷಧಿ), ಹೈಡ್ರೋಕಾರ್ಟಿಸೋನ್ (ಸ್ಟೀರಾಯ್ಡ್) ಇವುಗಳ ಕಡೆಗೆ ಕೈ ಮೊದಲು ಹೋಗುವ ರೂಢಿ ಎಷ್ಟೋ ವಾರ್ಡುಗಳಲ್ಲಿದೆ. ಅವು ಅಡ್ರಿನಲಿನ್ನಿಗೆ ಬದಲಿಯಲ್ಲ. ಬಿಪಿ ಬಿದ್ದವರನ್ನು ಮಲಗಿಸಿ ಕಾಲು ಎತ್ತರಿಸಿಡಿ, ಎಬ್ಬಿಸಿ ನಡೆಸಬೇಡಿ.

ಇನ್ನೆರಡು ಎಚ್ಚರಿಕೆಗಳಿವೆ. ಸ್ನಾಯುವಿಗೆ ಕೊಡಲೆಂದು ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧಿಯಲ್ಲಿ ಕಲಸಿದ ಸೆಫ್ಟ್ರಿಯಾಕ್ಸೋನನ್ನು ಯಾವ ಕಾರಣಕ್ಕೂ ರಕ್ತನಾಳಕ್ಕೆ ಕೊಡಬಾರದು. ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದಲ್ಲಿ ಕ್ಯಾಲ್ಸಿಯಂ ಇರುವುದರಿಂದ ಅದು ಹರಿಯುತ್ತಿರುವ ಲೈನಿನಲ್ಲೇ ಈ ಔಷಧಿಯನ್ನು ಸೇರಿಸಬಾರದು.

ಪ್ರಶ್ನೆ – ರಾಯಚೂರಿನ ಅದೇ ವಿದ್ಯಾರ್ಥಿನಿ:
ಇಂಥದ್ದನ್ನು ವರದಿ ಮಾಡಿದರೆ ನಮ್ಮ ಮೇಲೆಯೇ ತಪ್ಪು ಹೊರಿಸುವುದಿಲ್ಲವೇ?

ಉತ್ತರ:
ಔಷಧಿಗಳ ಅಡ್ಡಪರಿಣಾಮಗಳ ವರದಿ ಸಂಗ್ರಹಿಸುವ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ; ಅದಕ್ಕೆ ವೈದ್ಯರಂತೆ ಶುಶ್ರೂಷಕರೂ ವರದಿ ಕಳಿಸಬಹುದು. ಉಚಿತ ಸಹಾಯವಾಣಿ 1800-180-3024. ರೋಗಿಯ ಗುರುತನ್ನು ಗೋಪ್ಯವಾಗಿಡುತ್ತಾರೆ, ಮತ್ತು ವರದಿ ಕೊಡುವುದೆಂದರೆ ತಪ್ಪೊಪ್ಪಿಗೆಯಲ್ಲ. ಸಂಶಯವೇ ಸಾಕು, ಪುರಾವೆ ಬೇಕಿಲ್ಲ. ಆದರೆ ಗಾಬರಿಯಲ್ಲಿ ಖಾಲಿ ಬಾಟಲಿಯನ್ನು ಬುಟ್ಟಿಗೆ ಎಸೆಯಬೇಡಿ. ಅದರ ಬ್ಯಾಚ್ ಸಂಖ್ಯೆಯನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಕೇಸ್ ಶೀಟಿನಲ್ಲಿ ಬರೆದುಕೊಳ್ಳಿ. 2024ರ ನವೆಂಬರಿನಲ್ಲಿ ನಮ್ಮ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟವೇ ಪ್ರಶ್ನೆಗೊಳಗಾಯಿತು. ಯಾರಿಗೆ ಯಾವ ಬ್ಯಾಚು ಹೋಯಿತೆಂಬುದು ಕೇಸ್ ಶೀಟಿನಲ್ಲಿ ಇಲ್ಲದಿದ್ದರೆ ಅಂಥ ಪ್ರಶ್ನೆಗೆ ವಾರ್ಡಿನಿಂದ ಉತ್ತರ ಸಿಗುವುದಿಲ್ಲ.