ಏಪ್ರಿಲ್‌ನಲ್ಲಿ ಮನೆಯೊಳಗಿನ ಗಿಡ ಕೊಳ್ಳಬಹುದೇ? ಕಲಬುರಗಿ ಕಡೆಯವರು ಅನುಭವ ಹೇಳಿ

ಜೇವರ್ಗಿ ರಸ್ತೆ, ಎರಡನೇ ಮಹಡಿ:
ಕಳೆದ ತಿಂಗಳು ಹೊಸ ಮನೆಗೆ ಬಂದೆವು. ಹಾಲಿಗೆ ಪೂರ್ವದ ಕಡೆ ಒಂದೇ ಕಿಟಕಿ, ಮನೆಯಲ್ಲಿ ಎರಡು ವರ್ಷದ ಮಗು. ಒಳಗಿಡಲು ನಾಲ್ಕೈದು ಗಿಡ ಬೇಕು, ಮೂರು ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ. ನರ್ಸರಿಯೋ, ಆನ್‌ಲೈನೋ? ಮೋಸ ಹೋಗದಿರಲು ಏನು ನೋಡಬೇಕು?

ಸೇಡಂ ರಸ್ತೆ:
ಮೂರು ಸಾವಿರವೇ? ನನಗೆ ಒಂದೇ ಗಿಡಕ್ಕೆ 3,060 ಹೋಯಿತು. ಲೆಕ್ಕ ಬರೆದಿಟ್ಟಿದ್ದೇನೆ, ಕೇಳಿ. ಫಿಡಲ್ ಲೀಫ್ 1,450, ಬಿಳಿ ಪಿಂಗಾಣಿ ಕುಂಡ 780, ಆಟೊ 120. ಎಲೆ ಉದುರಲು ತೊಡಗಿದ ಮೇಲೆ ಬೇವಿನ ಎಣ್ಣೆ 160, ಕೊಕೊಪೀಟ್ (ತೆಂಗಿನ ನಾರಿನ ಪುಡಿ) 210, ಅಂಗಡಿಯವನೇ ದಾಟಿಸಿದ ‘ಟಾನಿಕ್’ 340. ಗಿಡ ಬದುಕಿದ್ದು ನಲವತ್ತೊಂದು ದಿನ. ಕೊಳ್ಳುವಾಗ ಎಲೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಅದು ಎಣ್ಣೆಯ ಹೊಳಪೆಂದು ಒರೆಸಿದ ಬಟ್ಟೆ ಜಿಡ್ಡಾದಾಗ ತಿಳಿಯಿತು. ಎಲೆಯನ್ನು ಮಗುಚಿ ನೋಡಿರಲಿಲ್ಲ. ತೊಟ್ಟಿನ ಸಂದಿಯಲ್ಲಿ ಹತ್ತಿಯ ಎಳೆಯಂತೆ ಹಿಟ್ಟು ತಿಗಣೆ ಕುಳಿತಿತ್ತು. ಬಾಗಿಲ ಬಳಿಯ ದಾಸವಾಳಕ್ಕೂ ಹತ್ತಿತು. ಹತ್ತು ವರ್ಷದ ದಾಸವಾಳ ಅದು, ಅತ್ತೆ ನೆಟ್ಟದ್ದು. ಅದರ ಲೆಕ್ಕ ಎಲ್ಲಿ ಬರೆಯಲಿ?

ಕೊನೆಗೆ ಕಿತ್ತು ನೋಡಿದರೆ ಪಿಂಗಾಣಿ ಕುಂಡಕ್ಕೆ ತೂತೇ ಇಲ್ಲ. ಅಡಿಯಲ್ಲಿ ನಾಲ್ಕು ಬೆರಳು ನೀರು. ಬೇರು ಕಪ್ಪಗೆ ಕೊಳೆತು, ಬೆರಳಿನಿಂದ ಎಳೆದರೆ ಸಿಪ್ಪೆ ಕಳಚಿ ದಾರದಂಥ ನಾರು ಮಾತ್ರ ಉಳಿಯುತ್ತಿತ್ತು. ಅಂಗಡಿಯವನ ಉತ್ತರ: ‘ನೀವು ನೀರು ಹೆಚ್ಚು ಹಾಕಿದಿರಿ.’

ಬೀದರ್, ನಿವೃತ್ತ ಮೇಷ್ಟ್ರು:
ಹೊಳಪು ನೋಡಿ ಮರುಳಾದರೆ ಆಗುವುದು ಇದೇ. ನಾನು 2016ರಲ್ಲಿ 80 ರೂಪಾಯಿಗೆ ಒಂದು ಸ್ನೇಕ್ ಪ್ಲಾಂಟ್ ತಂದೆ. ಅಂಗಡಿಯಲ್ಲೇ ಬುಡ ಹಿಡಿದು ಮೆಲ್ಲಗೆ ಅಲುಗಿಸಿದೆ. ಅಲುಗಿದರೆ ಅದು ಮೊನ್ನೆ ಚುಚ್ಚಿದ ತುಂಡು, ಅಲುಗದಿದ್ದರೆ ಬೇರು ಹಿಡಿದ ಗಿಡ. ಅಂಗಡಿಯವನು ಗುರುಗುಟ್ಟಿದ, ಗುರುಗುಟ್ಟಲಿ. ಆ ಒಂದರಿಂದ ಇಂದು ಹದಿನಾಲ್ಕು ಕುಂಡಗಳಾಗಿವೆ. ನಮ್ಮ ಕೆಂಪು ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ. ನೀರು ಹದಿನೈದು ದಿನಕ್ಕೊಮ್ಮೆ. ಕಲಬುರಗಿಯವರು ತೊಗರಿ ಬೆಳೆಯುವ ಎರೆಮಣ್ಣನ್ನೇ ಕುಂಡಕ್ಕೆ ತುಂಬುತ್ತಾರೆ. ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಆಮೇಲೆ ಗಿಡವನ್ನು ಬಯ್ಯುತ್ತಾರೆ.

ಸೇಡಂ ರಸ್ತೆ:
ನಾನು ಎರೆಮಣ್ಣು ಹಾಕಿದೆನೆಂದು ನಿಮಗೆ ಯಾರು ಹೇಳಿದರು? ಬೀದರ್‌ನ ತಂಪಿನಲ್ಲಿ ಕುಳಿತು ಕಲಬುರಗಿಯ ಬಿಸಿಲಿಗೆ ಪಾಠ ಹೇಳಬೇಡಿ.

ಶಹಾಪುರದ ಅಕ್ಕ:
ನಿಮ್ಮಿಬ್ಬರಿಗೂ ಮಗುಚಿ ನೋಡಲು, ಅಲುಗಿಸಲು ಅಂಗಡಿಯಾದರೂ ಇದೆ. ನಮ್ಮೂರಿನಲ್ಲಿ ಕೆಲಾಥಿಯಾ ಗಿಡ ಕೇಳಿದರೆ ಔಷಧಿ ಅಂಗಡಿ ತೋರಿಸುತ್ತಾರೆ. ಮೂರು ಗಿಡ ಆನ್‌ಲೈನ್‌ನಲ್ಲಿ ತರಿಸಿದೆ, 1,197 ರೂಪಾಯಿ, ಸಾಗಣೆಗೆ 149. ಮೇ ತಿಂಗಳು, ನನ್ನದೇ ಬುದ್ಧಿಗೇಡಿತನ. ಪೆಟ್ಟಿಗೆ ಗುರುವಾರ ಯಾದಗಿರಿಗೆ ಬಂದು ಸೋಮವಾರದವರೆಗೆ ತಗಡಿನ ಗೋದಾಮಿನಲ್ಲಿ ಕುಳಿತಿತ್ತು. ಬಿಚ್ಚಿದರೆ ಬೇಯಿಸಿಟ್ಟ ಪುಂಡಿಪಲ್ಯ. ಫೋಟೋದಲ್ಲಿ ಮೊಳದುದ್ದ ಇದ್ದದ್ದು ಕೈಗೆ ಬಂದಾಗ ಗೇಣುದ್ದ. ‘ಚಿತ್ರ ಮಾದರಿಗೆ ಮಾತ್ರ’ ಎಂದು ಕೆಳಗೆ ಸಾಸಿವೆಯಷ್ಟು ಅಕ್ಷರದಲ್ಲಿತ್ತಂತೆ. ಪೆಟ್ಟಿಗೆ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ಹಣ ವಾಪಸ್ ಇಲ್ಲ ಎಂದರು. ಹನ್ನೊಂದು ಇಮೇಲ್ ಬರೆದೆ. ಕೊನೆಗೆ 399 ರೂಪಾಯಿಯ ಕೂಪನ್ ಕೊಟ್ಟರು, ಅವರ ಬಳಿಯೇ ಇನ್ನೊಂದು ಗಿಡ ಕೊಂಡು ಸಾಯಿಸಲು.

ನರ್ಸರಿಯವನು, ಕಲಬುರಗಿ:
ಬಯ್ಯಿರಿ, ಮಾರುವವನು ಇರುವುದೇ ಅದಕ್ಕೆ. ನಮ್ಮ ಗಿಡಗಳು ಆಂಧ್ರದ ಕಡಿಯಂನಿಂದ ಲಾರಿಯಲ್ಲಿ ಬರುತ್ತವೆ. ಗೋದಾವರಿ ಸೀಮೆಯ ತೇವದಲ್ಲಿ, ನೆರಳುಬಲೆಯ ಕೆಳಗೆ ಬೆಳೆದ ಜೀವಗಳು. ಇಲ್ಲಿ ಇಳಿಸುವ ಹೊತ್ತಿಗೆ 43 ಡಿಗ್ರಿ. ಕಳೆದ ಬೇಸಿಗೆಯಲ್ಲಿ ನೂರಕ್ಕೆ ಹದಿನೈದು ನನ್ನ ಅಂಗಳದಲ್ಲೇ ಸತ್ತವು, ಆ ನಷ್ಟ ಯಾರೂ ಕೇಳಲಿಲ್ಲ. ನೀವು ಲಾರಿ ಬಂದ ದಿನವೇ ಬಂದು ‘ತಾಜಾ ಮಾಲು’ ಎಂದು ಒಯ್ಯುತ್ತೀರಿ. ತರಕಾರಿಯೇ ಅದು? ಎರಡು ವಾರ ನಮ್ಮಲ್ಲಿ ನಿಂತು, ಒಂದೆರಡು ಎಲೆ ಹಳದಿಯಾಗಿ, ಮೇಲೆ ಹೊಸ ಚಿಗುರು ಬಿಟ್ಟ ಗಿಡ ಕೊಡಲು ಹೋದರೆ ‘ಇದು ಹಳೆಯದು’ ಎನ್ನುತ್ತೀರಿ. ದಿನಾ ನೀರು ಸುರಿದು ಕೊಂದು, ಒಣ ಕಡ್ಡಿ ಹಿಡಿದು ಬದಲಿ ಕೇಳಲು ಬರುತ್ತೀರಿ.

ಸೇಡಂ ರಸ್ತೆ:
ತೂತಿಲ್ಲದ ಕುಂಡ ಮಾರುವವರು ಯಾರು ಅಣ್ಣನವರೇ? ಬಿಲ್ ಕೇಳಿದರೆ ಚೀಟಿಯ ಮೇಲೆ ‘ಗಿಡ 1’ ಎಂದು ಗೀಚುವವರು ಯಾರು? ನನ್ನಿಂದ ಜಿಎಸ್‌ಟಿ ಎಂದು ಬೇರೆ ಹಣ ಕೇಳಿದ್ದರು.

ನರ್ಸರಿಯವನು, ಕಲಬುರಗಿ:
ಆ ಅಂಗಡಿ ನನ್ನದಲ್ಲ. ಜೀವಂತ ಗಿಡಕ್ಕೆ ಜಿಎಸ್‌ಟಿಯೇ ಇಲ್ಲ. ಪಿಂಗಾಣಿ ಕುಂಡಕ್ಕೆ ಇದೆ. ಬೇರೆ ಬೇರೆ ಬರೆದುಕೊಡಿ ಎಂದು ನೀವೂ ಕೇಳಬೇಕಿತ್ತು.

ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿದವನು:
ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಫಲಕ ನೋಡಿ ಹೆದರಬೇಡಿ. ಬಿಲ್ಲಿನಲ್ಲಿ ಗಡುವು ಬರೆಯದಿದ್ದರೆ ದೋಷವಿರುವ ಸರಕನ್ನು ಮೂವತ್ತು ದಿನಗಳೊಳಗೆ ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ನಾನು ಹೋದದ್ದು ಗಿಡಕ್ಕಲ್ಲ, ಕೂಲರ್‌ಗೆ. ಮೋಟರ್ ಮೂರನೇ ದಿನ ಸುಟ್ಟಿತ್ತು. ಒಂದೂವರೆ ವರ್ಷ, ಇಪ್ಪತ್ತೆರಡು ಸಲ ಓಡಾಡಿದೆ. ಆದರೂ ಗೆದ್ದೆ.

ನರ್ಸರಿಯವನು, ಕಲಬುರಗಿ:
ಗಿಡ ಕೂಲರ್ ಅಲ್ಲ ಸ್ವಾಮಿ. ನಲವತ್ತೊಂದನೇ ದಿನ ಸತ್ತದ್ದಕ್ಕೆ ದೋಷ ನನ್ನದೋ ನಿಮ್ಮ ತಂಬಿಗೆಯದೋ?

ಆಳಂದ:
ಕೂಲರ್ ಬಿಡಿ. ನೀರಿನ ಮಾತನ್ನು ಯಾರೂ ಎತ್ತಲಿಲ್ಲ. ನಮ್ಮ ಬೋರ್ ನೀರಿಗೆ ಅರೆಕಾ ಪಾಮ್ ಎಲೆಯ ತುದಿಗಳೆಲ್ಲ ಬೀಡಿಯಿಂದ ಸುಟ್ಟಂತಾಗಿ, ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿತ್ತು. ಈಗ ಆರ್‌ಒ ಯಂತ್ರದಿಂದ ಹೊರಬೀಳುವ ನೀರು ಹಾಕುತ್ತೇನೆ, ಪೋಲೂ ಆಗುವುದಿಲ್ಲ. ಇನ್ನೊಂದು, ‘ಗಾಳಿ ಶುದ್ಧ ಮಾಡುವ ಗಿಡ’ ಎಂಬ ಚೀಟಿಗೆ 200 ರೂಪಾಯಿ ಹೆಚ್ಚು ಕೊಡಬೇಡಿ. ಆ ಮಾತಿಗೆ ಮೂಲವಾದ ನಾಸಾದ 1989ರ ಪ್ರಯೋಗ ನಡೆದದ್ದು ಸಣ್ಣ ಮುಚ್ಚಿದ ಪೆಟ್ಟಿಗೆಯಲ್ಲಿ, ಕಿಟಕಿ ತೆರೆದ ನಿಮ್ಮ ಹಾಲಿನಲ್ಲಲ್ಲ. ನಾನು ಕೊಟ್ಟೆ. ಅದರ ಪಕ್ಕ ಕಳ್ಳಿಗೆ ಅಂಟಿನಿಂದ ಕಾಗದದಂಥ ಹೂ ಅಂಟಿಸಿದ್ದನ್ನೂ ಕೊಂಡೆ.

ಬೀದರ್, ನಿವೃತ್ತ ಮೇಷ್ಟ್ರು:
ಅಯ್ಯೋ ತಮ್ಮಾ, ಆರ್‌ಒ ಹೊರಗೆ ಬಿಡುವ ನೀರಿನಲ್ಲೇ ಉಪ್ಪು ಇನ್ನೂ ದಟ್ಟವಾಗಿರುತ್ತದೆ! ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದು ಹಾಕಿ.

ಆಳಂದ:
ಎಸಿ ಪಿಂಚಣಿ ಬರುವವರ ಮನೆಯಲ್ಲಿರುತ್ತದೆ ಮೇಷ್ಟ್ರೇ. ನಮ್ಮಲ್ಲಿರುವುದು ಕೂಲರ್, ಅದೂ ನೀರು ಕುಡಿಯುತ್ತದೆಯೇ ಹೊರತು ಕೊಡುವುದಿಲ್ಲ.

ಜೇವರ್ಗಿ ರಸ್ತೆ, ಎರಡನೇ ಮಹಡಿ:
ಎಲ್ಲರಿಗೂ ವಂದನೆ. ಆದರೆ ಮಗು ಇದೆ ಎಂದು ಬರೆದಿದ್ದೆ. ನಿನ್ನೆ ಒಬ್ಬರು ಡಿಫೆನ್‌ಬಾಕಿಯಾ ತೋರಿಸಿದರು, ಎಲೆ ಬಹಳ ಚಂದ. ತರಬಹುದೇ?

ಶಹಾಪುರದ ಅಕ್ಕ:
ಬೇಡ ತಂಗಿ. ಅದರ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಗಳಿರುತ್ತವೆ. ಸುವರ್ಣಗಡ್ಡೆ ಸರಿಯಾಗಿ ಬೇಯದಿದ್ದರೆ ಬಾಯಿ ತುರಿಸುತ್ತದಲ್ಲ, ಅದೇ ಜಾತಿಯ ಕಾಟ, ಇನ್ನೂ ಜೋರು. ಮಗು ಕಚ್ಚಿದರೆ ನಾಲಿಗೆ ಊದುತ್ತದೆ. ಮನಿ ಪ್ಲಾಂಟ್, ಪೀಸ್ ಲಿಲಿಗಳಲ್ಲೂ ಅದಿದೆ, ಎತ್ತರದಲ್ಲಿ ತೂಗುಹಾಕಿ. ಕೆಳಗಿಡಲು ಅರೆಕಾ, ಸ್ಪೈಡರ್ ಪ್ಲಾಂಟ್ ಸಾಕು. ಈಗ ತರಬೇಡ, ಜೂನ್‌ನ ಮಿರಗದ ಮಳೆ ಬೀಳಲಿ. ಮೇಷ್ಟ್ರ ಸ್ನೇಕ್ ಪ್ಲಾಂಟ್ ತಿಂದರೂ ವಾಂತಿಯಾಗುತ್ತದೆ.

ಬೀದರ್, ನಿವೃತ್ತ ಮೇಷ್ಟ್ರು:
ನನ್ನ ಮೂವರು ಮೊಮ್ಮಕ್ಕಳು ಆ ಕುಂಡಗಳ ನಡುವೆಯೇ ಅಂಬೆಗಾಲಿಟ್ಟವರು. ಒಬ್ಬರೂ ತಿನ್ನಲಿಲ್ಲ. ನಾವು ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತೇವೆ.

ಶಹಾಪುರದ ಅಕ್ಕ:
ಈ ಮಾತಿನ ಅರ್ಥವೇನು?

ಸೇಡಂ ರಸ್ತೆ:
ಜಗಳ ಆಮೇಲೆ ಆಡಿ. ಮೇಷ್ಟ್ರೇ, ಆ ಹದಿನಾಲ್ಕರಲ್ಲಿ ಒಂದು ಮರಿ ಮಾರುತ್ತೀರಾ? ಮುಂದಿನ ವಾರ ಬೀದರ್‌ಗೆ ಮದುವೆಗೆ ಬರುತ್ತಿದ್ದೇನೆ.

ಬೀದರ್, ನಿವೃತ್ತ ಮೇಷ್ಟ್ರು:
ಮಾರುವುದಿಲ್ಲ. ಬಂದು ಒಯ್ಯಿರಿ. ಕುಂಡ ನೀವೇ ತನ್ನಿ, ತೂತಿರುವುದು.